ಕೆಳಗೆ ಸ್ಟುಡಿಯೊ, ಮೇಲೆ ಮನೆ, ನಡುವೆ ಪೆನ್‌ಡ್ರೈವ್

ಪ್ರಶ್ನೆ: ನಮ್ಮದು ಸಾಗರ. ಕೆಳಗಡೆ ಯಜಮಾನರ ಫೋಟೊ ಸ್ಟುಡಿಯೊ, ಮೇಲೆ ನಮ್ಮ ವಾಸ. ಸ್ಟುಡಿಯೊದಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಒಂದು ವಿಂಡೋಸ್ 10, ಇನ್ನೊಂದು ಪ್ರಿಂಟರಿಗೆ ಜೋಡಿಸಿದ ಹಳೆಯ ವಿಂಡೋಸ್ 7. ನಾನು ಮೇಲೆ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಆಲ್ಬಮ್ ಡಿಸೈನ್ ಮಾಡುತ್ತೇನೆ, ಜಿಎಸ್‌ಟಿ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ಪೆನ್‌ಡ್ರೈವ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಕಳೆದ ಸೀಸನ್ನಿನಲ್ಲಿ ಒಂದು ಮದುವೆ ಆಲ್ಬಮ್ಮಿನ ಹಳೆಯ ಫೈಲ್ ಪ್ರಿಂಟಿಗೆ ಹೋಗಿಬಿಟ್ಟಿತು. ಹುಡುಗಿಯ ಕಡೆಯವರು ಬೇಡವೆಂದು ತೆಗೆಸಿಹಾಕಿದ್ದ ಫೋಟೊಗಳೆಲ್ಲ ಅದರಲ್ಲಿ ಹಾಗೇ ಇದ್ದವು. ಮತ್ತೆ ಪ್ರಿಂಟ್ ಹಾಕಿಸಿ ಕೊಟ್ಟೆವು. ಯಾರ ತಪ್ಪು ಎಂಬ ಮಾತು ಮನೆಯಲ್ಲಿ ಇನ್ನೂ ನಿಂತಿಲ್ಲ.

ಹೀಗಾಗಿ ನೆಟ್‌ವರ್ಕ್ ಮಾಡಿಸೋಣವೆಂದು ಗುರುತಿನ ಹುಡುಗನೊಬ್ಬನನ್ನು ಕರೆಸಿದೆವು. ಅವನು ಫೈರ್‌ವಾಲ್ ಆಫ್ ಮಾಡಿ, ಇಡೀ ಡಿ ಡ್ರೈವನ್ನು ‘ಎವ್ರಿಒನ್, ಫುಲ್ ಕಂಟ್ರೋಲ್’ ಎಂದು ಶೇರ್ ಮಾಡಿ, ‘ಎಸ್‌ಎಂಬಿ 1’ ಎಂಬುದನ್ನೂ ಆನ್ ಮಾಡಿ ಹೋದ. ಆದರೂ ನನ್ನ ಲ್ಯಾಪ್‌ಟಾಪಿನಲ್ಲಿ ಸ್ಟುಡಿಯೊ ಕಂಪ್ಯೂಟರ್ ಕಾಣುವುದಿಲ್ಲ. ಲ್ಯಾಪ್‌ಟಾಪನ್ನು ಕೆಳಗೆ ಒಯ್ದರೆ ಕಾಣುತ್ತದೆ, ಆದರೆ ಪಾಸ್‌ವರ್ಡ್ ಕೇಳುತ್ತದೆ. ಸ್ಟುಡಿಯೊ ಕಂಪ್ಯೂಟರಿನ ಪಿನ್ ಹಾಕಿದರೆ ತಪ್ಪು ಎನ್ನುತ್ತದೆ. ಮೇಲೆ ಸಿಗ್ನಲ್ ಸಾಲದೆಂದು ಬೇರೆ ರೂಟರ್ ಹಾಕಿಸಿದ್ದೇವೆ. ಇಂಜಿನಿಯರಿಂಗ್ ಓದುವ ಮಗಳು ‘ನನ್ನ ಲ್ಯಾಪ್‌ಟಾಪ್ ಇದಕ್ಕೆ ಸೇರಿಸಬೇಡಿ’ ಎಂದು ಹಟ ಹಿಡಿದಿದ್ದಾಳೆ. ಯಜಮಾನರು ‘ಮನೆಯೊಳಗೆ ಎಂಥ ಗುಟ್ಟು’ ಅನ್ನುತ್ತಾರೆ. ಇದೆಲ್ಲ ಸುರಕ್ಷಿತವೇ? ಫೈಲ್ ಕಳಿಸಿದಾಗಲೆಲ್ಲ ನೆಟ್ ಡೇಟಾ ಖರ್ಚಾಗುತ್ತದೆಯೇ? ನಾಸ್ ಎಂಬ ಪೆಟ್ಟಿಗೆ ಕೊಳ್ಳಲೇಬೇಕೇ?

– ಹೆಸರು ಬೇಡ, ಸಾಗರ

ಉತ್ತರ: ಸೋದರಿ, ಮಿಕ್ಕಿದ್ದನ್ನು ಓದುವ ಮೊದಲು ಸ್ಟುಡಿಯೊಗೆ ಇಳಿದು ಎರಡು ಕೆಲಸ ಮುಗಿಸಿ ಬನ್ನಿ. ಅಲ್ಲಿನ ವಿಂಡೋಸ್ 10 ಯಂತ್ರದಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಫೈರ್‌ವಾಲನ್ನು ಮತ್ತೆ ಆನ್ ಮಾಡಿ. ಆಮೇಲೆ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ‘ಎಸ್‌ಎಂಬಿ 1.0’ ಎಂಬುದರ ಮುಂದಿರುವ ಟಿಕ್ ತೆಗೆದು, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

ಇಷ್ಟು ಅವಸರಕ್ಕೆ ಕಾರಣವಿದೆ. ವಿಂಡೋಸ್ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಫೈಲ್ ಹಂಚಿಕೊಳ್ಳುವ ಕ್ರಮದ ಹೆಸರೇ ಎಸ್‌ಎಂಬಿ. ಅದರ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಂದ ಹಿಡಿದು ಜಗತ್ತಿನ ಎಷ್ಟೋ ಕಚೇರಿಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ಯಂತ್ರದಿಂದ ಯಂತ್ರಕ್ಕೆ ಹಬ್ಬಿದ್ದು ಈ ಹಳೆಯ ಆವೃತ್ತಿಯಲ್ಲಿದ್ದ ಬಿರುಕಿನ ಮೂಲಕ. ಅದೇ ವರ್ಷದ ಕೊನೆಯಿಂದ ಬಂದ ವಿಂಡೋಸ್‌ಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಅಳವಡಿಸುವುದನ್ನೇ ನಿಲ್ಲಿಸಿತು. ನಿಮ್ಮ ವಿಂಡೋಸ್ 7ಕ್ಕೂ ಅದರ ಅಗತ್ಯವಿಲ್ಲ. ಅದು ಎಸ್‌ಎಂಬಿಯ ಎರಡನೆಯ ಆವೃತ್ತಿಯಲ್ಲಿ ಸರಾಗವಾಗಿ ಕೆಲಸ ಮಾಡುತ್ತದೆ. ಎಸ್‌ಎಂಬಿ 1 ಬೇಕಾಗುವುದು ವಿಂಡೋಸ್ ಎಕ್ಸ್‌ಪಿಯಷ್ಟು ಹಳೆಯದಕ್ಕೆ. ಆ ಹುಡುಗನ ಮೇಲೆ ಬೇಸರ ಬೇಡ. ಕನೆಕ್ಟ್ ಆಗದಿದ್ದಾಗ ಒಂದೊಂದೇ ಬಾಗಿಲು ತೆರೆದು ನೋಡುವುದು ಅನೇಕರ ರೂಢಿ. ಕೆಲಸ ಮುಗಿದ ಮೇಲೆ ಮುಚ್ಚುವುದನ್ನು ಮಾತ್ರ ಮರೆಯುತ್ತಾರೆ.

ಈಗ ಯಜಮಾನರ ಮಾತಿಗೆ ಬರುತ್ತೇನೆ. ಮನೆಯವರ ನಡುವೆ ಗುಟ್ಟಿಲ್ಲದಿರಬಹುದು. ಆದರೆ ಆ ಡಿ ಡ್ರೈವಿನಲ್ಲಿರುವುದು ನಿಮ್ಮ ಮನೆಯ ಫೋಟೊಗಳಷ್ಟೇ ಅಲ್ಲವಲ್ಲ. ಊರಿನ ಎಷ್ಟೋ ಮನೆಗಳ ಮದುವೆ, ಸೀಮಂತ, ನಾಮಕರಣ ಅದರಲ್ಲಿವೆ. ಹೆಣ್ಣುಮಕ್ಕಳು ಅಲಂಕಾರ ಮಾಡಿಕೊಳ್ಳುವಾಗ ತೆಗೆದವು, ಆಲ್ಬಮ್ಮಿಗೆ ಬೇಡವೆಂದು ಬಿಡಿಸಿದವು ಕೂಡ ಇರುತ್ತವೆ. ನಿಮ್ಮ ಮೇಲಿನ ನಂಬಿಕೆಯಿಂದ ಜನ ಅವನ್ನು ಬಿಟ್ಟುಹೋಗಿದ್ದಾರೆ. ಹಾಗಾಗಿ ತಂತಿ ಎಲ್ಲಿ ಎಳೆಯಬೇಕು ಎಂಬುದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಯಾವ ಫೋಲ್ಡರ್ ಯಾರಿಗೆ ಕಾಣಬೇಕು, ಅದನ್ನು ಯಾರು ಬದಲಿಸಬಹುದು ಎಂಬುದು. ಇಬ್ಬರೂ ಕೂತು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನದೆಲ್ಲ ಆ ಹಾಳೆಯ ಪ್ರಕಾರ ನಡೆಯುತ್ತದೆ.

ಒಂದು ವಿಷಯ ಕೇಳುತ್ತೇನೆ: ಫೋಟೊ ಕಳಿಸಲು ಬಂದ ಗ್ರಾಹಕರಿಗೆ ಸ್ಟುಡಿಯೊದ ವೈಫೈ ಪಾಸ್‌ವರ್ಡ್ ಕೊಡುತ್ತೀರಾ? ಬಹಳ ಕಡೆ ಕೊಡುತ್ತಾರೆ, ಕೌಂಟರಿನ ಗೋಡೆಗೂ ಅಂಟಿಸಿರುತ್ತಾರೆ. ಆ ಪಾಸ್‌ವರ್ಡ್ ಹಾಕಿಕೊಂಡ ಫೋನ್ ನಿಮ್ಮ ಕಂಪ್ಯೂಟರ್ ಇರುವ ನೆಟ್‌ವರ್ಕಿನೊಳಗೇ ಬಂದಂತೆ. ಆಗ ‘ಎವ್ರಿಒನ್’ ಎಂದು ಹಂಚಿದ ಡ್ರೈವ್ ಕೌಂಟರಿನ ಮುಂದೆ ನಿಂತವರಿಗೂ ಹಂಚಿದಂತೆಯೇ ಆಗಬಹುದು. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ವೈಫೈ’ ಇರುತ್ತದೆ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ಒಳಗಿನ ಕಂಪ್ಯೂಟರ್‌ಗಳು ಸಿಗುವುದಿಲ್ಲ. ಗ್ರಾಹಕರಿಗೆ ಅದನ್ನು ಕೊಡಿ, ಮುಖ್ಯ ವೈಫೈ ಪಾಸ್‌ವರ್ಡನ್ನು ಈಗಲೇ ಬದಲಿಸಿ.

ಮೇಲಿನ ಲ್ಯಾಪ್‌ಟಾಪಿಗೆ ಕೆಳಗಿನದು ಏಕೆ ಕಾಣುವುದಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅದು ಎರಡನೆಯ ರೂಟರ್. ಎರಡೂ ಯಂತ್ರಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕಿನ ಪ್ರಾಪರ್ಟೀಸ್‌ನಲ್ಲಿ ‘ಐಪಿವಿ4 ಅಡ್ರೆಸ್’ ನೋಡಿ. ಕೆಳಗೆ 192.168.1 ಎಂದು ಶುರುವಾಗಿ, ಮೇಲೆ 192.168.0 ಎಂದಿದ್ದರೆ ಅನುಮಾನವೇ ಬೇಡ. ಕೆಳಗಿನ ರೂಟರಿನಿಂದ ಬಂದ ಕೇಬಲನ್ನು ಮೇಲಿನ ರೂಟರಿನ ‘ವ್ಯಾನ್’ ಪೋರ್ಟಿಗೆ ಚುಚ್ಚಿದ್ದರಿಂದ ಮಹಡಿಯಲ್ಲಿ ಬೇರೆಯೇ ಒಂದು ನೆಟ್‌ವರ್ಕ್ ಹುಟ್ಟಿದೆ. ಇಂಟರ್ನೆಟ್ ಎರಡೂ ಕಡೆ ಬರುವುದರಿಂದ ಇದು ಗೊತ್ತೇ ಆಗುವುದಿಲ್ಲ. ಮೇಲಿನ ರೂಟರಿನ ಸೆಟ್ಟಿಂಗಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ, ಅಷ್ಟಕ್ಕೇ ಎರಡು ನೆಟ್‌ವರ್ಕ್ ಒಂದಾಗುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಮೇಲಿನ ರೂಟರಿಗೆ ಕೆಳಗಿನ ಸರಣಿಯಲ್ಲೇ ಯಾರೂ ಬಳಸದ ಒಂದು ವಿಳಾಸ ಕೊಟ್ಟು, ಅದರ ‘ಡಿಎಚ್‌ಸಿಪಿ’ ಆಫ್ ಮಾಡಿ, ಕೇಬಲನ್ನು ‘ಲ್ಯಾನ್’ ಪೋರ್ಟಿಗೆ ಬದಲಿಸಬೇಕು. ಇದನ್ನು ಆ ಹುಡುಗನ ಕೈಯಲ್ಲೇ ಮಾಡಿಸಬಹುದು.

ಆಮೇಲೆ ಸ್ಟುಡಿಯೊದ ವಿಂಡೋಸ್ 10 ಯಂತ್ರ ಮತ್ತು ನಿಮ್ಮ ಲ್ಯಾಪ್‌ಟಾಪ್, ಎರಡರಲ್ಲೂ ಆ ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಗುರುತಿಸಿ, ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಆನ್ ಮಾಡಿ. ಫೈರ್‌ವಾಲ್ ಇದಕ್ಕೆ ತಾನಾಗಿ ದಾರಿ ಬಿಡುತ್ತದೆ, ಅದನ್ನು ಆಫ್ ಮಾಡುವ ಪ್ರಮೇಯವೇ ಬರುವುದಿಲ್ಲ. ಸ್ಟುಡಿಯೊ ಕಂಪ್ಯೂಟರ್ ‘ಸ್ಲೀಪ್’ಗೆ ಹೋದರೂ ಮೇಲಿನವರಿಗೆ ಅದು ಮಾಯವಾಗುತ್ತದೆ. ಕೆಲಸದ ಹೊತ್ತಿನಲ್ಲಿ ಹಾಗಾಗದಂತೆ ಸೆಟ್ಟಿಂಗ್ ಬದಲಿಸಿ.

ಪಿನ್ ವಿಷಯ. ಪಿನ್ ಆ ಒಂದು ಯಂತ್ರದ ಎದುರು ಕೂತು ತೆರೆಯುವುದಕ್ಕೆ ಮಾತ್ರ, ನೆಟ್‌ವರ್ಕಿನಿಂದ ಬಂದರೆ ಅದು ನಡೆಯುವುದಿಲ್ಲ. ಹಾಗೆಂದು ಪಾಸ್‌ವರ್ಡೇ ಬೇಡವೆಂದು ತೆಗೆದುಹಾಕಬೇಡಿ. ಸ್ಟುಡಿಯೊದ ವಿಂಡೋಸ್ 10 ಯಂತ್ರದಲ್ಲಿ ಎರಡು ಹೊಸ ‘ಲೋಕಲ್ ಅಕೌಂಟ್’ ಮಾಡಿ. ಒಂದು ನಿಮಗೆ, ‘ಆಲ್ಬಮ್’ ಎಂಬ ಹೆಸರಿನಲ್ಲಿ. ಇನ್ನೊಂದು ಪ್ರಿಂಟರ್ ಯಂತ್ರಕ್ಕೆ, ‘ಪ್ರಿಂಟ್’ ಎಂದು. ಎರಡಕ್ಕೂ ಬೇರೆಬೇರೆ ಗಟ್ಟಿ ಪಾಸ್‌ವರ್ಡ್ ಇರಲಿ. ಇಡೀ ಡ್ರೈವಿನ ಶೇರಿಂಗ್ ರದ್ದು ಮಾಡಿ, ‘ಮದುವೆ ಕೆಲಸ’ ಎಂಬ ಒಂದೇ ಫೋಲ್ಡರ್ ಶೇರ್ ಮಾಡಿ. ಅದರ ಅನುಮತಿಯ ಪಟ್ಟಿಯಿಂದ ‘ಎವ್ರಿಒನ್’ ತೆಗೆದು, ‘ಆಲ್ಬಮ್’ ಖಾತೆಗೆ ಬದಲಿಸುವ ಹಕ್ಕನ್ನೂ ‘ಪ್ರಿಂಟ್’ ಖಾತೆಗೆ ಓದುವ ಹಕ್ಕನ್ನಷ್ಟೇ ಕೊಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ವಿಂಡೋಸ್‌ನಲ್ಲಿ ಅನುಮತಿ ಕೇಳುವ ಜಾಗ ಎರಡು: ‘ಶೇರಿಂಗ್’ ಟ್ಯಾಬ್ ಒಂದು, ‘ಸೆಕ್ಯುರಿಟಿ’ ಟ್ಯಾಬ್ ಇನ್ನೊಂದು. ಇವು ಗೇಟಿನ ಬೀಗ ಮತ್ತು ಕೋಣೆಯ ಬೀಗ ಇದ್ದಂತೆ, ಒಂದರ ಕೀಲಿ ಮಾತ್ರ ಇದ್ದರೆ ಒಳಗೆ ಹೋಗಲಾಗದು. ಎರಡರಲ್ಲೂ ಆ ಖಾತೆಗಳ ಹೆಸರು ಸೇರಿಸಿ. ಇಷ್ಟಾದ ಮೇಲೆ ನಿಮ್ಮ ಲ್ಯಾಪ್‌ಟಾಪಿನ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸ್ಟುಡಿಯೊ ಕಂಪ್ಯೂಟರಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಹೆಸರು, ಪಾಸ್‌ವರ್ಡ್ ಕೇಳಿದಾಗ ‘ಆಲ್ಬಮ್’ ಖಾತೆಯದನ್ನು ಕೊಟ್ಟು, ನೆನಪಿಟ್ಟುಕೊಳ್ಳಲು ಹೇಳಿ. ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಮಾಡಿಕೊಂಡರೆ ಅದು ನಿಮ್ಮ ಲ್ಯಾಪ್‌ಟಾಪಿನದೇ ಇನ್ನೊಂದು ಡ್ರೈವಿನಂತೆ ಕಾಣುತ್ತದೆ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸುರಕ್ಷತೆಯ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಆ ಯಂತ್ರದಲ್ಲಿ ಮೇಲ್ ತೆರೆಯುವುದು, ಗ್ರಾಹಕರ ಪೆನ್‌ಡ್ರೈವ್ ಹಾಕುವುದು ಬೇಡ. ಅದು ಫೈಲ್ ಓದಿ ಪ್ರಿಂಟ್ ಹಾಕಲಿ, ಅಷ್ಟು ಸಾಕು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲರ ಫೋಟೊ ಇರುವುದು ಆ ಯಂತ್ರದಲ್ಲೇ ಆದ್ದರಿಂದ, ಅದು ಒಪ್ಪುವುದಾದರೆ 11ಕ್ಕೆ ಏರಿಸುವುದನ್ನು ಮುಂದೂಡಬೇಡಿ.

ಡೇಟಾ ಖರ್ಚಿನ ಚಿಂತೆ ಬಿಡಿ. ಒಂದೇ ನೆಟ್‌ವರ್ಕಿನೊಳಗೆ ಫೈಲ್ ಓಡಾಡಿದರೆ ಅದು ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಕೈಕೊಟ್ಟ ದಿನವೂ ಕೆಲಸ ನಡೆಯುತ್ತದೆ, ರೂಟರಿಗೆ ಕರೆಂಟ್ ಇರಬೇಕು ಅಷ್ಟೇ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಪಾಡು ನಿಮಗೇ ಗೊತ್ತು. ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಸ್ಟುಡಿಯೊ ಕಂಪ್ಯೂಟರಿನ ಜೊತೆ ಎರಡೂ ರೂಟರ್‌ಗಳನ್ನು ಯುಪಿಎಸ್‌ಗೆ ಹಾಕಿಸಿ.

ವೇಗ ಬೇಕಿದ್ದರೆ ಕೇಬಲ್ಲನ್ನೇ ನಂಬಿ. ಒಂದು ಮದುವೆಯ ಫೋಟೊ, ವಿಡಿಯೊ ಸೇರಿ 100 ಜಿಬಿ ಆಯಿತೆನ್ನಿ. 100 ಎಂಬಿಪಿಎಸ್ ಸಂಪರ್ಕದಲ್ಲಿ ಅದು ಮೇಲೆ ಬರಲು ಸುಮಾರು ಎರಡೂವರೆ ಗಂಟೆ ಬೇಕು. ಗಿಗಾಬಿಟ್ ಸಂಪರ್ಕದಲ್ಲಿ, ಡಿಸ್ಕ್‌ಗಳಿಗೂ ಅಷ್ಟು ವೇಗವಿದ್ದರೆ, ಕಾಲು ಗಂಟೆ ಸಾಕು. ಕ್ಯಾಟ್ 5ಇ ಅಥವಾ ಕ್ಯಾಟ್ 6, ಶುದ್ಧ ತಾಮ್ರದ ಕೇಬಲ್ ಎಂದು ಕೇಳಿ ತನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಬೇಡ. ಗಿಗಾಬಿಟ್ ಓಡಲು ಒಳಗಿನ ಎಂಟೂ ತಂತಿಗಳು ಬೇಕು. ಕನೆಕ್ಟರಿನಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೂ ವೇಗ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಅದಕ್ಕೇ ಕೇಬಲ್ ಎಳೆದ ದಿನವೇ ‘ಲಿಂಕ್ ಸ್ಪೀಡ್’ 1000 ಎಂದು ತೋರಿಸುತ್ತದೆಯೇ ನೋಡಿಕೊಳ್ಳಿ. ರೂಟರಿನ ಪೋರ್ಟ್‌ಗಳೂ ಗಿಗಾಬಿಟ್ ಆಗಿರಬೇಕು. ಕೇಬಲ್ ಮನೆಯ ಒಳಗಿನಿಂದಲೇ ಮೇಲೆ ಹೋಗಲಿ. ಹೊರಗೋಡೆಯ ಮೇಲೆ ಎಳೆದರೆ ಗುಡುಗು ಸಿಡಿಲಿನ ಕಾಲದಲ್ಲಿ ಎರಡೂ ಕಡೆಯ ಯಂತ್ರಗಳಿಗೆ ಅಪಾಯ.

ಇನ್ನು ನಿಮ್ಮ ಮನೆಯ ಜಗಳದ ಮೂಲಕ್ಕೆ ಬರೋಣ. ನೆಟ್‌ವರ್ಕ್ ಬಂದ ಮಾತ್ರಕ್ಕೆ ಹಳೆಯ ಫೈಲ್ ಪ್ರಿಂಟಿಗೆ ಹೋಗುವುದು ನಿಲ್ಲುವುದಿಲ್ಲ. ಒಂದು ಕೆಲಸಕ್ಕೆ ಒಂದೇ ಪ್ರತಿ ಇದ್ದಾಗ ಮಾತ್ರ ನಿಲ್ಲುತ್ತದೆ. ‘ಮದುವೆ ಕೆಲಸ’ದೊಳಗೆ ಮೂರು ಫೋಲ್ಡರ್ ಮಾಡಿ: ‘1 ಬಂದದ್ದು’, ‘2 ಡಿಸೈನ್’, ‘3 ಪ್ರಿಂಟಿಗೆ’. ಗ್ರಾಹಕರು ಒಪ್ಪಿದ ಮೇಲೆ ಆಲ್ಬಮ್ ಎರಡರಿಂದ ಮೂರಕ್ಕೆ ಹೋಗಬೇಕು, ಅದನ್ನು ಒಬ್ಬರೇ ಮಾಡಬೇಕು. ಆ ಒಬ್ಬರು ನೀವೇ ಆಗಿರಿ, ಡಿಸೈನ್ ನಿಮ್ಮದು ತಾನೇ. ಪ್ರಿಂಟರ್ ಯಂತ್ರಕ್ಕೆ ಮೂರನೆಯದು ಮಾತ್ರ ಕಾಣುವಂತೆ ‘ಸೆಕ್ಯುರಿಟಿ’ ಟ್ಯಾಬಿನಲ್ಲಿ ಕಟ್ಟುಮಾಡಿ. ಆಗ ಬೇರೆ ಫೈಲ್ ಪ್ರಿಂಟ್ ಹಾಕಲು ಅಲ್ಲಿ ಬೇರೆ ಫೈಲೇ ಸಿಗುವುದಿಲ್ಲ. ಇಬ್ಬರೂ ಒಂದೇ ಫೈಲನ್ನು ಏಕಕಾಲಕ್ಕೆ ತೆರೆಯಬೇಡಿ. ವರ್ಡ್, ಎಕ್ಸೆಲ್ ಎಚ್ಚರಿಸುತ್ತವೆ, ಎಲ್ಲ ತಂತ್ರಾಂಶಗಳೂ ಎಚ್ಚರಿಸುವುದಿಲ್ಲ. ಹೆಸರು, ಮುಹೂರ್ತದ ಸಾಲುಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡುವುದಾದರೆ ಅದೇ ಫಾಂಟ್‌ಗಳು ಎಲ್ಲ ಯಂತ್ರಗಳಲ್ಲೂ ಇರಬೇಕು. ಫೈಲ್ ಬಂದರೆ ಫಾಂಟ್ ಜೊತೆಗೆ ಬರುವುದಿಲ್ಲ, ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಕೂರುತ್ತವೆ.

ನಾಸ್ ಒಳ್ಳೆಯ ವಸ್ತುವೇ. ಸದಾ ಆನ್ ಇರುವ, ನೆಟ್‌ವರ್ಕಿಗೆ ನೇರ ಜೋಡಿಸುವ ಡಿಸ್ಕ್ ಪೆಟ್ಟಿಗೆ ಅದು. ಆದರೆ ನಿಮಗೆ ಈಗ ಅದಕ್ಕಿಂತ ಮೊದಲು ಬೇಕಾದದ್ದು ಬ್ಯಾಕಪ್ಪಿಗೆ ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ನೆಟ್‌ವರ್ಕ್ ಫೋಲ್ಡರಿನಿಂದ ನೀವು ಡಿಲೀಟ್ ಮಾಡಿದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದದ್ದು ಹೋದಂತೆಯೇ. ಸುಲಿಗೆ ತಂತ್ರಾಂಶ ಒಂದು ಯಂತ್ರಕ್ಕೆ ಹೊಕ್ಕರೆ, ಆ ಯಂತ್ರ ಬದಲಿಸಬಲ್ಲ ನೆಟ್‌ವರ್ಕ್ ಫೋಲ್ಡರ್‌ಗಳಿಗೂ ಬೀಗ ಬೀಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಸೀಸನ್ನಿನಲ್ಲಿ ಪ್ರತಿ ಮದುವೆಯ ಮರುದಿನ, ಒಂದು ಡಿಸ್ಕಿಗೆ ಕಾಪಿ ಮಾಡಿ ಕಳಚಿಡಿ. ಇನ್ನೊಂದನ್ನು ನಂಬಿಕಸ್ಥ ಬಂಧುಗಳ ಮನೆಯಲ್ಲಿಟ್ಟು ಆಗಾಗ ಅದಲು ಬದಲು ಮಾಡಿ. ಮದುವೆಯನ್ನು ಮತ್ತೊಮ್ಮೆ ಶೂಟ್ ಮಾಡಲು ಆಗುವುದಿಲ್ಲವಲ್ಲ.

ಕೊನೆಯದಾಗಿ ಮಗಳು. ಅವಳು ಹೇಳುತ್ತಿರುವುದು ಸರಿ, ಅದನ್ನು ಹಟವೆನ್ನಬೇಡಿ. ವೈಫೈ ಬಳಸಿದ ಮಾತ್ರಕ್ಕೆ ಅವಳ ಫೈಲ್‌ಗಳು ಯಾರಿಗೂ ಸಿಗುವುದಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ಆ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದೇ ಇಟ್ಟುಕೊಂಡರೆ ಅದು ನಿಮ್ಮ ಯಾರ ಪಟ್ಟಿಯಲ್ಲೂ ಕಾಣುವುದಿಲ್ಲ. ಅಂಥ ಎಚ್ಚರ ಇರುವ ಹುಡುಗಿಗೆ ಈ ಕೆಲಸವನ್ನೇ ಒಪ್ಪಿಸಿ ನೋಡಿ. ನೀವಿಬ್ಬರೂ ಬರೆದ ಹಾಳೆಯನ್ನು ಅವಳ ಕೈಗೆ ಕೊಟ್ಟು, ಖಾತೆಗಳನ್ನೂ ಅನುಮತಿಗಳನ್ನೂ ಅವಳಿಂದ ಮಾಡಿಸಿ. ಮುಗಿದ ಮೇಲೆ ಗೆಸ್ಟ್ ವೈಫೈಗೆ ಸೇರಿದ ಒಂದು ಫೋನಿನಿಂದ ಒಳಗಿನದೇನಾದರೂ ಕಾಣುತ್ತದೆಯೇ ಎಂದು ಪರೀಕ್ಷಿಸಿ. ಏನೂ ಕಾಣದಿದ್ದರೆ ಈ ಸೀಸನ್ನಿನ ಮೊದಲ ಮದುವೆಯ ಕೆಲಸವನ್ನು ಹೊಸ ಫೋಲ್ಡರಿನಲ್ಲೇ ಶುರು ಮಾಡಿ.