ಮುಟ್ಟದೆ ತಿರುಗುವ ಚಕ್ರ

ಹೊಲಿಗೆ ಮಿಷನ್ನಿಗೆ ನಾವು ಯಾಕೆ ಎಣ್ಣೆ ಬಿಡುತ್ತೇವೆ? ಬಿಡದಿದ್ದರೆ ಕಿರ್ರೆನ್ನುತ್ತದೆ. ತುಳಿಯಲು ಭಾರವಾಗುತ್ತದೆ. ಎತ್ತಿನ ಗಾಡಿಗೂ ಕೀಲೆಣ್ಣೆ ಬೇಕು. ಬೀಸುವ ಕಲ್ಲಿನ ಮಾತು ಬೇರೆ. ಅಲ್ಲಿ ಕಲ್ಲಿಗೆ ಕಲ್ಲು ಉಜ್ಜಿದರೇ ಹಿಟ್ಟು!

ಎರಡು ವಸ್ತುಗಳು ತಾಗಿ ಉಜ್ಜಿದಾಗ ತಡೆ ಹುಟ್ಟುತ್ತದೆ. ಇದಕ್ಕೆ ಘರ್ಷಣೆ ಎನ್ನುತ್ತಾರೆ. ಘರ್ಷಣೆಯಿಂದ ಯಂತ್ರ ಬಿಸಿಯಾಗುತ್ತದೆ, ಸವೆಯುತ್ತದೆ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಎರಡು ಭಾಗಗಳು ಮುಟ್ಟದೇ ಇದ್ದರೆ? ಅದೂ ಆಗುತ್ತದೆ. ಅಯಸ್ಕಾಂತದಿಂದ ಆಗುತ್ತದೆ.

ಕೆಟ್ಟ ಸ್ಪೀಕರಿನಲ್ಲಿ ಬಳೆಯಂಥ ಅಯಸ್ಕಾಂತ ಇರುತ್ತದೆ. ಅಂಥ ಎರಡನ್ನು ಒಂದು ಕೋಲಿಗೆ ಪೋಣಿಸಿ. ಒಂದಕ್ಕೊಂದು ಅಂಟಿಕೊಂಡರೆ ಮೇಲಿನದನ್ನು ಮಗುಚಿ ಹಾಕಿ. ಈಗ ಅದು ಕೆಳಗಿನದರ ಮೇಲೆ ಕೂರುವುದೇ ಇಲ್ಲ. ನಡುವೆ ಜಾಗ ಬಿಟ್ಟು ತೇಲುತ್ತದೆ. ಬೆರಳಿನಿಂದ ಒತ್ತಿ ನೋಡಿ, ಮತ್ತೆ ಮೇಲೇಳುತ್ತದೆ. ಆದರೆ ಕೋಲು ತೆಗೆದರೆ ಪಕ್ಕಕ್ಕೆ ಜಾರುತ್ತದೆ. ಅದಕ್ಕೇ ಯಂತ್ರಗಳಲ್ಲಿ ಕರೆಂಟಿನ ಅಯಸ್ಕಾಂತವನ್ನೂ ಇಡುತ್ತಾರೆ. ಚಕ್ರ ಅತ್ತ ಸರಿದರೆ ಅದು ಇತ್ತ ಎಳೆದು ನಡುವೆ ನಿಲ್ಲಿಸುತ್ತದೆ.

ಚೀನಾ ದೇಶದ ಶಾಂಘೈ ನಗರದಲ್ಲಿ ಹೀಗೆ ತೇಲಿ ಓಡುವ ರೈಲು ಇದೆ. 2004ರಿಂದ ಜನ ಅದರಲ್ಲಿ ಓಡಾಡುತ್ತಿದ್ದಾರೆ. ಆದರೆ ನಮಗೆ ರೈಲಿಗಿಂತ ದೊಡ್ಡದೆನಿಸಿದ್ದು ಒಂದು ಪುಟ್ಟ ಪಂಪು.

ನಮ್ಮ ಗುಂಡಿಗೆಯೂ ಒಂದು ಪಂಪೇ. ಅದು ಮೈಗೆಲ್ಲ ರಕ್ತ ತಳ್ಳುತ್ತದೆ. ಕೆಲವರ ಗುಂಡಿಗೆ ಸೋತುಹೋಗುತ್ತದೆ. ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು ಬರುತ್ತದೆ, ಕಾಲು ಬಾತುಕೊಳ್ಳುತ್ತದೆ. ಔಷಧಿಯೂ ನಾಟದಿದ್ದಾಗ ಅಂಥ ಕೆಲವರ ಎದೆಯೊಳಗೆ ಸಣ್ಣ ಪಂಪು ಕೂರಿಸುತ್ತಾರೆ. ಅದರ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದಕ್ಕೆ ಎಣ್ಣೆ ಬಿಡುವುದು ಹೇಗೆ? ಒಳಗೆ ಹರಿಯುವುದು ರಕ್ತವಲ್ಲವೇ!

ಹಳೆಯ ಒಂದು ಬಗೆಯ ಪಂಪಿನಲ್ಲಿ ಚಕ್ರದ ತುದಿ ತಾಗಿಕೊಂಡೇ ತಿರುಗುತ್ತಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಹೆಪ್ಪು ಕಟ್ಟಿದರೆ ಜೀವಕ್ಕೇ ಅಪಾಯ. 2017ರಲ್ಲಿ ಅಮೆರಿಕ ಸರ್ಕಾರ ಹಾರ್ಟ್‌ಮೇಟ್ 3 ಎಂಬ ಹೊಸ ಪಂಪಿಗೆ ಒಪ್ಪಿಗೆ ಕೊಟ್ಟಿತು. ಇದರ ಚಕ್ರ ಅಯಸ್ಕಾಂತದ ಬಲದಿಂದ ರಕ್ತದ ನಡುವೆ ತೇಲುತ್ತಾ ತಿರುಗುತ್ತದೆ. ಎಲ್ಲಿಯೂ ತಾಗುವುದಿಲ್ಲ.

ಈ ಎರಡು ಪಂಪುಗಳಲ್ಲಿ ಒಂದನ್ನು ಹಾಕಿಸಿಕೊಂಡ ಸಾವಿರಕ್ಕೂ ಹೆಚ್ಚು ಜನರನ್ನು ವೈದ್ಯರು ಎರಡು ವರ್ಷದ ತನಕ ಗಮನಿಸಿದರು. 2019ರಲ್ಲಿ ಲೆಕ್ಕ ಹೊರಬಂತು. ಹಳೆಯ ಪಂಪಿನವರಲ್ಲಿ 100ಕ್ಕೆ ಸುಮಾರು 14 ಜನರಿಗೆ ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ತೇಲುವ ಚಕ್ರದವರಲ್ಲಿ 100ಕ್ಕೆ ಒಬ್ಬರೋ ಇಬ್ಬರೋ ಅಷ್ಟೇ!

ಹಾಗಂತ ಇದು ಸುಲಭದ ಬಾಳಲ್ಲ. ಹೊಟ್ಟೆಯ ಚರ್ಮದಿಂದ ಒಂದು ವೈರು ಹೊರಗೆ ಬರುತ್ತದೆ. ಅದಕ್ಕೆ ಬ್ಯಾಟರಿ. ಹೋದಲ್ಲೆಲ್ಲ ಅದನ್ನು ಹೊತ್ತೇ ಹೋಗಬೇಕು. ಅದು ಖಾಲಿಯಾಗಬಾರದು. ಕೆರೆ, ಹೊಳೆಗೆ ಇಳಿಯುವಂತಿಲ್ಲ. ರಕ್ತ ತೆಳುವಾಗಿಡುವ ಮಾತ್ರೆ ತಪ್ಪಿಸುವಂತಿಲ್ಲ. ಇದರ ಬೆಲೆಯಂತೂ ಬಡವರ ಕೈಗೆ ಎಟುಕುವಂಥದ್ದಲ್ಲ.

ಯೋಚಿಸಿ, ಬರೆಯಿರಿ: ನಿಮ್ಮ ಮನೆಯಲ್ಲಿ ಎಣ್ಣೆ ಕೇಳುವ ಸಾಮಾನುಗಳು ಯಾವುವು? ಅವುಗಳಲ್ಲಿ ಎಲ್ಲಿ ಯಾವುದಕ್ಕೆ ಯಾವುದು ಉಜ್ಜುತ್ತದೆ?