ದೋಣಿಯ ಎಂಜಿನಿಗೆ ಎಣ್ಣೆ: ನೋಡುವ ಕ್ರಮ, ಬದಲಾಯಿಸುವ ಕ್ರಮ



ಊರಿನಿಂದ ನೆಂಟರು ಬಂದರೆ ನಾವು ಅವರನ್ನು ಹುಸೇನ್ ಸಾಗರಕ್ಕೆ ಕರೆದೊಯ್ಯುವುದುಂಟು. 16ನೆಯ ಶತಮಾನದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾನ ಆಳ್ವಿಕೆಯಲ್ಲಿ ಕಟ್ಟಿದ ಕೆರೆ ಅದು. ನಡುವೆ ನಿಂತಿರುವ ಬುದ್ಧನ ವಿಗ್ರಹದ ಬಳಿಗೆ ಲುಂಬಿನಿ ಪಾರ್ಕಿನಿಂದ ಎಂಜಿನ್ ದೋಣಿಗಳು ಹೋಗಿಬರುತ್ತವೆ. ರಸ್ತೆಯಲ್ಲಿ ಬಸ್ಸು ಕೆಟ್ಟರೆ ಇಳಿದು ನಡೆಯಬಹುದು. ನೀರಿನ ನಡುವೆ ಎಂಜಿನು ಕೆಟ್ಟರೆ ಇಳಿಯುವುದೆಲ್ಲಿಗೆ? ಕೆರೆಯಲ್ಲಾದರೆ ಇನ್ನೊಂದು ದೋಣಿ ಬಂದು ಎಳೆದೊಯ್ದೀತು. ಮಲ್ಪೆ, ಕಾರವಾರಗಳ ಕಡಲಿನಲ್ಲಿ ಗಾಳಿ ಎದ್ದ ವೇಳೆ ಎಂಜಿನು ನಿಂತರೆ ಜನರ ಪ್ರಾಣಕ್ಕೇ ಸಂಚಕಾರ. ಇಂಥ ಕೇಡನ್ನು ತಡೆಯುವ ಉಪಾಯಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ಎಣ್ಣೆಯ ಮೇಲಿನ ಗಮನ. ನೀರೆತ್ತುವ ಪಂಪಿನ ಎಂಜಿನು, ಜನರೇಟರುಗಳ ಬಳಿ ಕೆಲಸ ಮಾಡುವವರಿಗೂ ಈ ಪಾಠದ ಬಹುಭಾಗ ಉಪಯೋಗಕ್ಕೆ ಬಂದೀತು.

1. ಎಣ್ಣೆ ಮಾಡುವ ಕೆಲಸ

ಎಣ್ಣೆ ಕೇವಲ ಸವೆತವನ್ನು ತಡೆಯುವುದೆಂದು ಹಲವರು ತಿಳಿದಿದ್ದಾರೆ. ಅದು ಮಾಡುವ ಕೆಲಸ ಐದು. ಉಜ್ಜುವ ಭಾಗಗಳ ನಡುವೆ ತೆಳುಪದರವಾಗಿ ನಿಲ್ಲುತ್ತದೆ, ಒಳಗಿನ ಕಾವನ್ನು ಹೊತ್ತು ತರುತ್ತದೆ, ಮಸಿಯನ್ನು ತೊಳೆಯುತ್ತದೆ, ಪಿಸ್ಟನ್ ರಿಂಗಿನ ಸಂದಿನಲ್ಲಿ ಅನಿಲ ಸೋರದಂತೆ ಮುಚ್ಚುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಹೀಗೆ ದುಡಿದ ಎಣ್ಣೆ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಆದುದರಿಂದ ಮೇಲಿಂದ ಮೇಲೆ ತುಂಬಿಸಿದರಷ್ಟೇ ಸಾಲದು; ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು.

2. ನೋಡುವ ಕ್ರಮ

ದಿನವೂ ಬೆಳಿಗ್ಗೆ ಎಂಜಿನು ಹಚ್ಚುವುದಕ್ಕೆ ಮೊದಲೇ ನೋಡತಕ್ಕದ್ದು. ರಾತ್ರಿಯಿಡೀ ನಿಂತ ಎಂಜಿನಿನ ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ನಡುವೆ ನೋಡಬೇಕಾದರೆ ಎಂಜಿನು ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು. ದೋಣಿ ಒಂದು ಪಕ್ಕಕ್ಕೆ ವಾಲಿರಬಾರದು. ವಾಲಿದರೆ ಅಳತೆ ಸುಳ್ಳು ಹೇಳುತ್ತದೆ.

ಡಿಪ್‌ಸ್ಟಿಕ್ ಎಂಬ ಅಳತೆಯ ಕಡ್ಡಿಯನ್ನು ಎಳೆದು, ಶುಚಿಯಾದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ಎಳೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ದೋಣಿ ಬಿಡಬೇಡಿ. ಹೆಚ್ಚಿದ್ದರೂ ಅಪಾಯವೇ: ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಕಾಪಾಡುವ ಶಕ್ತಿಯಿಲ್ಲ.

ಕಡ್ಡಿಗೆ ಅಂಟಿದ ಎಣ್ಣೆಯ ಬಣ್ಣವನ್ನೂ ಗಮನಿಸಬೇಕು. ಡೀಸೆಲ್ ಎಂಜಿನಿನ ಎಣ್ಣೆ ಬೇಗನೆ ಕಪ್ಪಾಗುತ್ತದೆ. ಬರಿಯ ಕಪ್ಪನ್ನು ಕಂಡು ಹೆದರಬೇಕಾಗಿಲ್ಲ. ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದು ತಿಳಿಯಬೇಕು. ಎಣ್ಣೆ ತೆಳ್ಳಗಾಗಿ, ಡೀಸೆಲ್ ವಾಸನೆ ಬಂದು, ಮಟ್ಟ ತಾನಾಗಿಯೇ ಏರಿದ್ದರೆ ಇಂಧನ ಸೋರಿದೆ. ಬೆರಳಲ್ಲಿ ಉಜ್ಜಿದಾಗ ಲೋಹದ ಹೊಳಪು ಕಂಡರೆ ಒಳಭಾಗ ಸವೆಯುತ್ತಿದೆ. ಈ ಮೂರರಲ್ಲಿ ಯಾವುದು ಕಂಡರೂ ಮೇಸ್ತ್ರಿಗೆ ತೋರಿಸತಕ್ಕದ್ದು. ಎಣ್ಣೆ ಬದಲಾಯಿಸಿದ ಮಾತ್ರಕ್ಕೆ ರೋಗ ಹೋಗದು.

3. ಎಷ್ಟು ದಿನಕ್ಕೊಮ್ಮೆ?

ದೋಣಿಗೆ ಮೈಲಿಯ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಎಂಜಿನು ತಯಾರಕರ ಪುಸ್ತಕವೇ ಇಲ್ಲಿ ಪ್ರಮಾಣ. ಕೆಲವಕ್ಕೆ 100 ಗಂಟೆ, ಕೆಲವಕ್ಕೆ 250 ಗಂಟೆ ಎಂದಿರುತ್ತದೆ; ಹೊಸ ಎಂಜಿನಿಗೆ ಮೊದಲ ಬದಲಾವಣೆ ಇನ್ನೂ ಬೇಗ. 250 ಗಂಟೆಯ ಎಂಜಿನು ದಿನಕ್ಕೆ 5 ಗಂಟೆ ಓಡಿದರೆ 50 ದಿನಕ್ಕೊಮ್ಮೆ ಬದಲಾಯಿಸಬೇಕಾಯಿತು. ಕಡಿಮೆ ಓಡಿದರೂ ವರ್ಷಕ್ಕೊಮ್ಮೆಯಾದರೂ ಬದಲಾಯಿಸುವುದು ವಾಡಿಕೆ.

ಡಬ್ಬಿಯ ಮೇಲೆ 15 ಡಬ್ಲ್ಯೂ 40 ಎಂದು ಮುಂತಾಗಿ ಬರೆದಿರುತ್ತದೆ. ಇದು ಎಣ್ಣೆಯ ಮಂದತೆಯ ಗುರುತು. ಮೊದಲ ಅಂಕಿ ಚಳಿಯಲ್ಲಿನ ಗುಣವನ್ನೂ, ಎರಡನೆಯದು ಕಾದಾಗಿನ ಗುಣವನ್ನೂ ಸೂಚಿಸುತ್ತದೆ. ಪುಸ್ತಕ ಹೇಳಿದ ಎಣ್ಣೆಯನ್ನೇ ಕೊಳ್ಳಬೇಕು. ಅಗ್ಗವೆಂದು ಬಿಡಿ ಎಣ್ಣೆಗೆ ಮರುಳಾಗಬಾರದು.

4. ಬದಲಾಯಿಸುವ ಕ್ರಮ

(ಅ) ದೋಣಿಯನ್ನು ಭದ್ರವಾಗಿ ಕಟ್ಟಿ, ಎಂಜಿನನ್ನು ಐದು ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಎಣ್ಣೆ ಸರಾಗವಾಗಿ ಹರಿಯುತ್ತದೆ, ಕೊಳೆಯನ್ನೂ ಹೊತ್ತು ಬರುತ್ತದೆ. ಕುದಿಬಿಸಿಯಿದ್ದರೆ ಕೈ ಸುಡುತ್ತದೆ, ಎಚ್ಚರ. ಕೀಲಿಯನ್ನು ಕಿಸೆಯಲ್ಲಿಟ್ಟುಕೊಳ್ಳಿ. ಬೀಡಿ ಸಿಗರೇಟು ದೂರವಿರಲಿ.

(ಆ) ಲಾರಿಯಂತೆ ಇಲ್ಲಿ ಅಡಿಯಲ್ಲಿ ಮಲಗಿ ತಿರುಪು ಬಿಚ್ಚಲು ಸಾಮಾನ್ಯವಾಗಿ ಜಾಗವಿರುವುದಿಲ್ಲ. ಕಡ್ಡಿಯ ಕೊಳವೆಯಲ್ಲಿ ಸಣ್ಣ ನಳಿಗೆಯನ್ನಿಳಿಸಿ ಕೈಪಂಪಿನಿಂದ ಎಳೆದು ಡಬ್ಬಿಗೆ ತುಂಬಬೇಕು.

(ಇ) ಹಳೆಯ ಫಿಲ್ಟರನ್ನು ಬಿಚ್ಚಿ, ಅದರ ರಬ್ಬರ್ ಬಳೆಯೂ ಕಳಚಿತೇ ಎಂದು ನೋಡಿ. ಹಳೆಯ ಬಳೆ ಅಂಟಿ ಉಳಿದರೆ ಎಣ್ಣೆ ಸೋರುತ್ತದೆ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿ, ಅದರ ಮೇಲೆ ಬರೆದಷ್ಟೇ ಸುತ್ತು ಕೈಯಿಂದ ಬಿಗಿಯಿರಿ.

(ಈ) ಪುಸ್ತಕದ ಅಳತೆಗಿಂತ ತುಸು ಕಡಿಮೆ ಸುರಿದು, ಕಡ್ಡಿ ನೋಡಿಕೊಂಡು ಉಳಿದುದನ್ನು ಹಾಕಿ.

(ಉ) ಎಂಜಿನು ಹಚ್ಚಿ. ಎಣ್ಣೆಯ ಒತ್ತಡದ ದೀಪ ಕೆಲವೇ ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ಸೋರಿಕೆಯಿಲ್ಲವೆಂದು ಖಚಿತವಾದ ಮೇಲೆ ನಿಲ್ಲಿಸಿ, ಕಾದು, ಮತ್ತೊಮ್ಮೆ ಅಳೆಯಿರಿ.

ದೋಣಿಯ ಹಿಂಬದಿಗೆ ತೂಗುಹಾಕುವ ಎರಡು ಹೊಡೆತದ ಎಂಜಿನಿನಲ್ಲಿ ಎಣ್ಣೆ ಇಂಧನದೊಡನೆಯೇ ಉರಿದುಹೋಗುತ್ತದೆ. ಅಲ್ಲಿ ಬದಲಾಯಿಸಬೇಕಾದುದು ಕೆಳಗಿನ ಗೇರಿನ ಎಣ್ಣೆ ಮಾತ್ರ.

5. ಜಮಾ-ಖರ್ಚು

ನಮ್ಮಂಥ ಗುಮಾಸ್ತರಿಗೆ ರೂಢಿಯಾದ ಕೆಲಸ ಇದು. ಒಂದು ನೋಟುಬುಕ್ಕಿನಲ್ಲಿ ತಾರೀಖು, ಎಂಜಿನಿನ ಗಂಟೆ, ಹಾಕಿದ ಎಣ್ಣೆ, ತೆಗೆದ ಎಣ್ಣೆ ಬರೆದಿಡಬೇಕು. ಹಾಕಿದ್ದು 7 ಲೀಟರು, ತೆಗೆದದ್ದು 8 ಎಂದಾದರೆ ಮಿಕ್ಕ ಒಂದು ಲೀಟರು ಎಲ್ಲಿಂದ ಬಂತು? ನೀರೋ ಡೀಸೆಲೋ ಒಳಸೇರಿದೆ. ತೀರ ಕಡಿಮೆ ಬಂದರೆ ಉರಿಯುತ್ತಿದೆ ಇಲ್ಲವೆ ಸೋರುತ್ತಿದೆ. ಕಣ್ಣಿಗೆ ಕಾಣದ ರೋಗವನ್ನು ಪುಸ್ತಕ ಹೇಳಿಬಿಡುತ್ತದೆ.

6. ಹಳೆಯ ಎಣ್ಣೆ

ಇದನ್ನು ಕೆರೆಗಾಗಲಿ ಚರಂಡಿಗಾಗಲಿ ಸುರಿಯಲೇಬಾರದು. ನೀರಿನ ಮೇಲೆ ಪೊರೆಯಾಗಿ ಹರಡಿ ಜಲಚರಗಳಿಗೆ ಕೇಡು ಮಾಡುತ್ತದೆ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದ ಸಂಸ್ಕರಣದಾರರಿಗೇ ಅದು ಸೇರಬೇಕು. ಹುಸೇನ್ ಸಾಗರ ಈಗಾಗಲೇ ನಗರದ ಕೊಳೆಯನ್ನು ಸಾಕಷ್ಟು ಉಂಡಿದೆ. ಅನ್ನ ಕೊಡುವ ನೀರಿಗೆ ನಾವೂ ವಿಷ ಬೆರೆಸುವುದು ಬೇಡ.

ಅಭ್ಯಾಸ

1. ಎಣ್ಣೆಯ ಮಟ್ಟ ತಾನಾಗಿ ಏರಿದರೆ ಸಂತೋಷಪಡಬೇಕೇ? ಕಾರಣ ಹೇಳಿ.
2. 100 ಗಂಟೆಗೊಮ್ಮೆ ಎಣ್ಣೆ ಬೇಡುವ ಎಂಜಿನು ದಿನಕ್ಕೆ 4 ಗಂಟೆ ಓಡಿದರೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?
3. ಬೆಚ್ಚಗಿರುವಾಗಲೇ ಎಣ್ಣೆ ತೆಗೆಯುವುದೇಕೆ?