ನಿಂತ ಹೃದಯ ಮತ್ತೆ ಬಡಿದ ಮೇಲೆ

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಆಘಾತದಲ್ಲಿ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯು ಸಾಯತೊಡಗುತ್ತದೆ. ರೋಗಿ ಬಹುತೇಕ ಎಚ್ಚರವಾಗಿಯೇ ಇರುತ್ತಾನೆ. ಸ್ತಂಭನದಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಮೊದಲನೆಯದು ಎರಡನೆಯದಕ್ಕೆ ತಿರುಗುವುದುಂಟು. ಎದೆನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ ಕೂರಿಸುವ ಮನೆಗಳು ಕೋಲಾರದ ಕಡೆ ಈಗಲೂ ಕಡಿಮೆಯಿಲ್ಲ.

ರಕ್ತ ಹರಿಯದಿದ್ದರೆ ನಾಲ್ಕರಿಂದ ಆರು ನಿಮಿಷದೊಳಗೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಇದೆ. ಆದರೆ ಹೋಳೂರಿನಂಥ ಊರಿಗೆ ಅದು ಬಂದು ಮುಟ್ಟುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಆಘಾತಕ್ಕೆ ಮದ್ದು. ನಿಂತೇ ಹೋದ ಹೃದಯಕ್ಕೆ ಪಕ್ಕದಲ್ಲಿರುವವರ ಎರಡು ಕೈಗಳೇ ಗತಿ: ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ನಿಲ್ಲಿಸದೆ ಒತ್ತಬೇಕು. ಈ ಲೇಖಕರ ಭಾವ ಟೊಮೆಟೊ ಮಂಡಿಯಲ್ಲಿ ಕ್ರೇಟುಗಳ ನಡುವೆ ಕುಸಿದಾಗ ಹಾಗೆ ಒತ್ತಿದ್ದು ಒಬ್ಬ ಹಮಾಲಿ. ನೆಂಟರಲ್ಲಿ ಓದಿದವರು ಅಲ್ಲೇ ನಿಂತು ಫೋನ್ ಮಾಡುತ್ತಿದ್ದರು.

ಹೃದಯ ಮತ್ತೆ ಬಡಿಯತೊಡಗಿದರೆ ಅರ್ಧ ದಾರಿ ಬಂದಂತೆ. ಐಸಿಯು ಸೇರಿದ ಮೇಲೆ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಹೃದಯ ಕೈಕೊಟ್ಟು ಅಲ್ಲ, ಮೆದುಳಿಗಾದ ಪೆಟ್ಟಿನಿಂದ. 2002ರ ಅಧ್ಯಯನಗಳ ನಂತರ ಇಂಥ ರೋಗಿಯ ಮೈಯನ್ನು 33 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತಣಿಸುವ ಪದ್ಧತಿ ಹರಡಿತ್ತು. 2021ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಹಾಗೆ ತಣಿಸುವುದರಿಂದ ಜ್ವರ ಬರದಂತೆ ನೋಡಿಕೊಳ್ಳುವುದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಈಗ ಒತ್ತು ಜ್ವರ ತಡೆಯುವುದಕ್ಕೇ.

ಮೆದುಳು ಎಷ್ಟು ಉಳಿದಿದೆ ಎಂದು ಕನಿಷ್ಠ 72 ಗಂಟೆ ಕಳೆಯುವ ಮೊದಲು ಹೇಳಬಾರದು. ನಿದ್ರೆಯ ಔಷಧ ಇಳಿದಿರಬೇಕು. ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುತ್ತದೆಯೇ ಎಂಬುದನ್ನು, ಇಇಜಿಯನ್ನು, ಸ್ಕ್ಯಾನನ್ನು ಒಟ್ಟಿಗಿಟ್ಟು ನೋಡಬೇಕು. ಯಾವುದೋ ಒಂದನ್ನೇ ನಂಬುವಂತಿಲ್ಲ. ಕುಟುಂಬಗಳು ಮುರಿದುಬೀಳುವುದು ಈ ಕಾಯುವಿಕೆಯಲ್ಲೇ. ಭಾವನ ವಿಷಯದಲ್ಲಿ ಎರಡನೆಯ ರಾತ್ರಿಯೇ ಡ್ಯೂಟಿ ಡಾಕ್ಟರೊಬ್ಬರು ಹೊರಗೆ ಬಂದು, "ಬ್ರೈನ್ ಹೋಗಿದೆ, ಸೈನ್ ಮಾಡಿ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದರು. ನಿದ್ರೆಯ ಔಷಧ ಆಗಲೂ ಪಂಪಿನಲ್ಲಿ ಹೋಗುತ್ತಿತ್ತು. ಕಾರಿಡಾರಿನಲ್ಲಿ ಚಾಪೆಯ ಮೇಲೆ ಕೂತಿದ್ದ ದೊಡ್ಡಪ್ಪನವರಿಗೆ ಅಷ್ಟೇ ಸಾಕಾಯಿತು. "ಸುಮ್ನೆ ದುಡ್ಡು ಸುರೀಬೇಡಮ್ಮ, ಹೊಲ ಮಾರಿದ್ರೂ ಮುಗಿಯಲ್ಲ. ಮನೇಲಿ ಪ್ರಾಣ ಹೋಗ್ಲಿ," ಎಂದರು. ಇನ್ನೊಬ್ಬರು ಈಗಲೇ ಬೆಂಗಳೂರಿಗೆ ಸಾಗಿಸಬೇಕೆಂದು ಆಂಬುಲೆನ್ಸಿನ ದರ ಮಾತಾಡತೊಡಗಿದರು. ಅಕ್ಕ ಇಬ್ಬರಿಗೂ ಉತ್ತರ ಕೊಡಲಿಲ್ಲ. ಪೆನ್ನು ಕೈಯಲ್ಲಿತ್ತು, ಸಹಿ ಹಾಕಲಿಲ್ಲ. ಬೆಳಗಿನ ಜಾವದವರೆಗೂ ದೊಡ್ಡಪ್ಪನವರು ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ನಾಲ್ಕನೆಯ ದಿನ ಔಷಧ ನಿಲ್ಲಿಸಿದ ಮೇಲೆ ರೋಗಿ ಅಕ್ಕನ ದನಿ ಬಂದ ಕಡೆಗೆ ಕಣ್ಣು ಹೊರಳಿಸಿದರು. ಪ್ರೀತಿಯಿಂದಲೇ ಆಡಿದ ಮಾತಿರಬಹುದು, ಆದರೂ ದೊಡ್ಡಪ್ಪನವರನ್ನು ಆ ಮಾತಿಗಾಗಿ ಕ್ಷಮಿಸುವುದು ಸುಲಭವಲ್ಲ.

ಚಿಕಿತ್ಸೆ ನಿಲ್ಲಿಸುವುದಕ್ಕೆ ಕಾನೂನಿನ ದಾರಿ ಇದೆ, ಅದು ನಡುರಾತ್ರಿಯ ಸಹಿಯಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅದರಂತೆ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಇರಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕೇಳಿದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಿ ಎಂದು ಆಸ್ಪತ್ರೆಯವರನ್ನು ಕೇಳಲು ಹಿಂಜರಿಯಬೇಕಿಲ್ಲ.

ಎಚ್ಚರವಾದವರು ಮೊದಲ ದಿನಗಳಲ್ಲಿ ಏನೇನೋ ಮಾತಾಡುವುದು, ನಳಿಕೆ ಕಿತ್ತುಕೊಳ್ಳುವುದು, ಗೋಡೆಯ ಮೇಲೆ ಇಲ್ಲದ್ದನ್ನು ಕಾಣುವುದು ಐಸಿಯುವಿನಲ್ಲಿ ಸಾಮಾನ್ಯ. ಅದು ಹುಚ್ಚಲ್ಲ, ದೆವ್ವವೂ ಅಲ್ಲ. ಕನ್ನಡಕ ಹಾಕಿಸಿ, ಇದು ಯಾವ ವಾರ, ಇದು ಯಾವ ಊರು ಎಂದು ಮನೆಯವರು ಹೇಳುತ್ತಿದ್ದರೆ ಬೇಗ ತಿಳಿಯಾಗುತ್ತದೆ. ನಳಿಕೆ ತೆಗೆದ ಮೇಲೆ ದನಿ ಕರಕರ ಎನ್ನುತ್ತದೆ. ಎದೆ ಒತ್ತಿದಾಗ ಮುರಿದ ಪಕ್ಕೆಲುಬು ವಾರಗಟ್ಟಲೆ ನೋಯುತ್ತದೆ. ತೊಡೆಯ ಸ್ನಾಯು ಎಷ್ಟು ಕರಗಿರುತ್ತದೆಂದರೆ ಕಕ್ಕಸಿನಿಂದ ಏಳಲು ಕೈ ಹಿಡಿಯಬೇಕು.

ನಿಜವಾದ ತೊಡಕು ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದಿಲ್ಲ. ಬದುಕುಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನೆನಪು, ಗಮನ, ಲೆಕ್ಕಾಚಾರದಲ್ಲಿ ಸ್ವಲ್ಪವಾದರೂ ಕೊರತೆ ಉಳಿಯುತ್ತದೆ. ಬಳಲಿಕೆ, ಮಂಕು, ಸಿಡುಕು ಜೊತೆಗೂಡುತ್ತವೆ. ಎಕೋ ರಿಪೋರ್ಟು ಚೆನ್ನಾಗಿದೆ, ಮನುಷ್ಯ ನಡೆದಾಡುತ್ತಾನೆ, ಆದ್ದರಿಂದ ಸೋಮಾರಿ ಎಂದು ಊರು ತೀರ್ಮಾನಿಸುತ್ತದೆ. ಭಾವ ಒಂದೇ ಲೋಡಿನ ಕ್ರೇಟುಗಳನ್ನು ಪುಸ್ತಕದಲ್ಲಿ ಎರಡು ಸಲ ಬರೆದು, ಕಮಿಷನ್ ಕಳೆಯುವಲ್ಲಿ ತಡವರಿಸಿ, ಪುಸ್ತಕ ಎಸೆಯುತ್ತಿದ್ದರು. ಸುಧಾರಣೆ ಹೆಚ್ಚಾಗಿ ಕಾಣುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ, ಆಮೇಲೂ ನಿಧಾನವಾಗಿ. ನೆನಪಿನ ತೊಂದರೆ ಉಳಿದರೆ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗದಲ್ಲಿ ತೋರಿಸಬಹುದು. ಕಾಯಿಲೆ ಬೀಳುವುದು ರೋಗಿ ಮಾತ್ರವಲ್ಲ: ಗಂಡನ ಉಸಿರು ಕೇಳಿಸಿಕೊಳ್ಳಲು ರಾತ್ರಿಯಿಡೀ ಎಚ್ಚರವಿರುವ ಹೆಂಡತಿಗೂ ಚಿಕಿತ್ಸೆ ಬೇಕಾಗುತ್ತದೆ.

ಎಲ್ಲರಿಗೂ ಎದೆಯೊಳಗೆ ಶಾಕ್ ಕೊಡುವ ಐಸಿಡಿ ಸಾಧನ ಬೇಕಾಗುವುದಿಲ್ಲ. ಆಘಾತದ ಮೊದಲ ಎರಡು ದಿನಗಳಲ್ಲಿ ಸ್ತಂಭನವಾಗಿ, ಸ್ಟೆಂಟಿನಿಂದ ನಾಳ ತೆರೆದಿದ್ದರೆ ಸಾಮಾನ್ಯವಾಗಿ ಅದನ್ನು ಹಾಕುವುದಿಲ್ಲ. ಹಾಕಿಸಿಕೊಂಡವರು ಮೊಬೈಲನ್ನು ಸಾಧನವಿರುವ ಬದಿಯ ಜೇಬಿನಲ್ಲಿ ಇಡಬಾರದು, ವೆಲ್ಡಿಂಗ್ ಯಂತ್ರದಿಂದ ದೂರವಿರಬೇಕು. ಬೈಕು, ಟ್ರಾಕ್ಟರು ಓಡಿಸುವ ಮುನ್ನ ವೈದ್ಯರ ಒಪ್ಪಿಗೆ ಬೇಕು. ಚಿಕ್ಕ ವಯಸ್ಸಿನಲ್ಲಿ, ನಾಳ ಕಟ್ಟದೆಯೇ ಹೃದಯ ನಿಂತಿದ್ದರೆ ಒಡಹುಟ್ಟಿದವರೂ ಮಕ್ಕಳೂ ಇಸಿಜಿ, ಎಕೋ ಮಾಡಿಸಿಕೊಳ್ಳಬೇಕು. ಕೆಲವು ಕಾರಣಗಳು ವಂಶದಲ್ಲಿ ಇಳಿದು ಬರುತ್ತವೆ.